ಜಿಲ್ಲಾ ಆಗೂತನಕ ಹಳೇದ ನಡೀಲಿ

ನಮ್ಮ ಚಿಕ್ಕೋಡಿ ಕಡೆ ಡಿಗ್ರಿ ಮುಗಿಸಿದ ಹುಡುಗನನ್ನು "ಏನ್ ಮಾಡಾಕತ್ತೀಯೋ?" ಎಂದು ಕೇಳಿದರೆ "ಓದಾಕತ್ತೀನ್ರಿ" ಎನ್ನುತ್ತಾನೆ. ಕಾಲೇಜಿನಲ್ಲಿದ್ದಾಗ ಓದದವನು ಈಗೇನು ಓದುತ್ತಾನೆ ಎಂದು ಮುಂದೆ ಕೇಳಬಾರದು. ಎಫ್‌ಡಿಎ, ಪಿಡಿಒ, ಪಿಎಸ್‌ಐ, ಗ್ರಾಮ ಆಡಳಿತಾಧಿಕಾರಿ, ಯಾವುದಕ್ಕೆ ಅರ್ಜಿ ಕರೆದರೂ ಹಾಕುವುದು, ಉಳಿದ ದಿನ ಇಟ್ಟಿಗೆಯಷ್ಟು ದಪ್ಪದ ಸಾಮಾನ್ಯ ಜ್ಞಾನದ ಪುಸ್ತಕ ತೆರೆದುಕೊಂಡು ಕೂರುವುದು ಎಂದರ್ಥ.

ನಿಪ್ಪಾಣಿಗೆ ಕೊಟ್ಟ ನನ್ನ ತಂಗಿಯ ಮಗನೂ ಹೀಗೆ ಓದುತ್ತಿದ್ದಾನೆ. ಅವನ ದೊಡ್ಡಪ್ಪನ ಮಗ ಧಾರವಾಡದ ಸಪ್ತಾಪುರದಲ್ಲಿ ರೂಮು ಮಾಡಿಕೊಂಡಿದ್ದಾಗ ಕೊಂಡ ಪುಸ್ತಕ ಇವನಿಗೆ ಬಂದಿದೆ. ಅದರ ಮೊದಲ ಮೂರು ಅಧ್ಯಾಯಗಳಲ್ಲಿ ಪ್ರತಿ ಸಾಲಿಗೂ ಹಳದಿ ಬಣ್ಣ. ಮೌರ್ಯರಿಂದ ಮುಂದೆ ಪುಟಗಳು ಅಚ್ಚಾದಷ್ಟೇ ಶುಭ್ರ. ಮೌರ್ಯರ ಹೊತ್ತಿಗೆ ಅವನ ಮದುವೆ ಗೊತ್ತಾಯಿತು. ನೌಕರಿ ಸಿಕ್ಕವರು ಓದಿದ ಪುಸ್ತಕಕ್ಕೆ ಕೈಗುಣ ಇರುತ್ತದೆಂದು ನಮ್ಮಲ್ಲಿ ಕಾದು ಕೊಳ್ಳುವವರಿದ್ದಾರೆ. ಮದುವೆಯಾದವರ ಪುಸ್ತಕಕ್ಕೆ ಆ ಬೆಲೆ ಇಲ್ಲ.

"ಮಾಮಾ, ಹೊಸಾ ಎಡಿಷನ್ ಬಂದೈತ್ರಿ. ರೊಕ್ಕಾ ಬೇಕಾಗಿತ್ತು."

"ಹಳೇದಕ್ಕ ಏನಾಗೇತಿ?"

"ಅದ್ರಾಗ ನಿಪ್ಪಾಣಿ ಇನ್ನೂ ನಿಮ್ಮ ಚಿಕ್ಕೋಡಿ ತಾಲೂಕಿನಾಗ ಐತ್ರಿ."

ಮಾತು ನಿಜ. ಬೆಳಗಾವಿ ಜಿಲ್ಲೆಗೆ ಮೊದಲು ಇದ್ದದ್ದು ಹತ್ತು ತಾಲೂಕು. 2018ರಲ್ಲಿ ನಮ್ಮಿಂದ ನಿಪ್ಪಾಣಿ, ಅಥಣಿಯಿಂದ ಕಾಗವಾಡ ಬೇರೆಯಾದವು. ಮೂಡಲಗಿ, ಕಿತ್ತೂರೂ ತಾಲೂಕಾದವು. ಆಮೇಲೆ ಯರಗಟ್ಟಿ ಸೇರಿ ಹದಿನೈದಾಯಿತು. ನಿಪ್ಪಾಣಿಯವರ ಪಾಡು ಇಷ್ಟಕ್ಕೇ ಮುಗಿಯುವುದಿಲ್ಲ. ಅವರ ಊರ ಮುಂದಿನ ಪುಣೆ–ಬೆಂಗಳೂರು ಹೆದ್ದಾರಿ ಹಳೆಯ ಪುಸ್ತಕದಲ್ಲಿ 4, ಹೊಸದರಲ್ಲಿ 48. ತಂಬಾಕಿನ ಲಾರಿಗಳು ಆಗಲೂ ಅಲ್ಲೇ ಓಡುತ್ತಿದ್ದವು, ಈಗಲೂ ಅಲ್ಲೇ ಓಡುತ್ತಿವೆ. ಸುದೈವ ರಾಯಬಾಗದವರದು. ಅವರ ತಾಲೂಕು ಹಳೆಯ ಹತ್ತರಲ್ಲೂ ಇತ್ತು, ಹೊಸ ಹದಿನೈದರಲ್ಲೂ ಇದೆ. ಅಲ್ಲಿನ ಹುಡುಗರು ತಂತಮ್ಮ ಅಪ್ಪಂದಿರ ಪುಸ್ತಕವನ್ನೇ ಓದಬಹುದು.

ರೊಕ್ಕ ಬಿಚ್ಚುವ ಮೊದಲು ಎರಡೂ ಆವೃತ್ತಿಗಳನ್ನು ಪಕ್ಕಪಕ್ಕ ಇಟ್ಟು ನೋಡೋಣವೆಂದೆ. ಕಾಗವಾಡದ ಗೆಳೆಯನಿಂದ ಒಂದು ದಿನದ ಮಟ್ಟಿಗೆ ಹೊಸದನ್ನು ಎರವಲು ತಂದ. ಹೊದಿಕೆ ಕೆಂಪು ಹೋಗಿ ನೀಲಿಯಾಗಿದೆ, "ಪರಿಷ್ಕೃತ ಮತ್ತು ವಿಸ್ತೃತ" ಎಂಬ ಅಕ್ಷರ ದಪ್ಪವಾಗಿದೆ. ಒಳಗೆ ಕೃಷ್ಣೆ ಮಹಾಬಳೇಶ್ವರದಲ್ಲೇ ಹುಟ್ಟುತ್ತಾಳೆ. 1924ರ ಬೆಳಗಾವಿ ಕಾಂಗ್ರೆಸ್ ಅಧಿವೇಶನಕ್ಕೆ ಗಾಂಧೀಜಿಯೇ ಅಧ್ಯಕ್ಷರು. ಜ್ಞಾನಪೀಠ ಪಡೆದ ಕನ್ನಡಿಗರೂ ಎಂಟೇ.

ನನಗೆ ಬಹಳ ಹಿಡಿಸಿದ್ದು ಜನಗಣತಿ. ಲೆಕ್ಕದ ಪ್ರಕಾರ ಎಲ್ಲಕ್ಕಿಂತ ಮೊದಲು ಹಳತಾಗಬೇಕಾದ ಅಧ್ಯಾಯ ಇದು. ಆದರೆ 2021ರ ಗಣತಿ ನಡೆಯಲೇ ಇಲ್ಲ. ಹಾಗಾಗಿ ಎರಡರಲ್ಲೂ ಕರ್ನಾಟಕದ ಜನಸಂಖ್ಯೆ 6,10,95,297, ಒಂದು ತಲೆ ಹೆಚ್ಚಿಲ್ಲ, ಕಡಿಮೆಯಿಲ್ಲ. 2011ರ ಗಣತಿ ಮುಗಿದ ಮೇಲೆ ಹುಟ್ಟಿದ ಕೂಸುಗಳು ಎಸ್ಸೆಸ್ಸೆಲ್ಸಿಗೆ ಬಂದು ನಿಂತಿವೆ, ಪುಸ್ತಕಕ್ಕೆ ಇನ್ನೂ ಹುಟ್ಟಿಲ್ಲ.

ಬದಲಾದದ್ದೂ ಇದೆ, ಸುಳ್ಳು ಹೇಳಬಾರದು. ಹಳೆಯದರಲ್ಲಿ 29 ರಾಜ್ಯ, 7 ಕೇಂದ್ರಾಡಳಿತ ಪ್ರದೇಶ. 2019ರ ಅಕ್ಟೋಬರ್ 31ಕ್ಕೆ ಅದು 28 ಮತ್ತು 9 ಆಯಿತು. 2020ರ ಜನವರಿ 26ಕ್ಕೆ ದಮನ್ ಹೋಗಿ ದಾದ್ರಾದ ಜೊತೆ ಕೂಡಿಕೊಂಡು 8 ಆಯಿತು. ನಡುವೆ ನವೆಂಬರಿನಲ್ಲಿ ಪುಸ್ತಕ ಅಚ್ಚು ಹಾಕಿಸಿದ ಪುಣ್ಯಾತ್ಮನನ್ನು ನೆನೆದರೆ ಅಯ್ಯೋ ಎನಿಸುತ್ತದೆ. ಅಥಣಿಯವರು ತಲೆತಲಾಂತರದಿಂದ ಹೊಲಿಯುತ್ತ ಬಂದ ಚಪ್ಪಲಿಯೂ, ಕೊಲ್ಹಾಪುರಿ ಎಂಬ ಹೆಸರಿನಡಿ, 2019ರ ಭೌಗೋಳಿಕ ಸೂಚಕದ ನಂತರವೇ ಪುಸ್ತಕದೊಳಗೆ ಕಾಲಿಟ್ಟಿದೆ.

ಪಿಎಸ್‌ಐಗೆ ಓದುವವರಿಗೆ ಮಾತ್ರ ನಾನು ಹೊಸದನ್ನೇ ಕೊಳ್ಳಿ ಎನ್ನುತ್ತೇನೆ. 2024ರ ಜುಲೈ 1ರಿಂದ ದಂಡ ಸಂಹಿತೆ ಹೋಗಿ ಭಾರತೀಯ ನ್ಯಾಯ ಸಂಹಿತೆ ಬಂತು. 302 ಇದ್ದ ಕೊಲೆ 103 ಆಯಿತು, 420 ಹೋಗಿ 318ರಲ್ಲಿ ಕೂತಿತು. ಆದರೆ ಸಂತೆಯಲ್ಲಿ ತೂಕ ಹೊಡೆದವನಿಗೆ "ನೀ ಮುನ್ನೂರಾ ಹದಿನೆಂಟ ಅದೀ!" ಎಂದು ಬಯ್ದು ನೋಡಿ, ಅವನು ಅದೇ ದರ ಇರಬೇಕೆಂದು ತಿಳಿದು ಚೀಲ ಹಿಡಿಯುತ್ತಾನೆ.

ಇಷ್ಟೆಲ್ಲ ನೋಡಿ, "ಚಿಕ್ಕೋಡಿ ಜಿಲ್ಲಾ ಆಗೂತನಕ ತಡಿ, ಆಮ್ಯಾಲೆ ಒಮ್ಮೆಲೆ ಹೊಸಾದ ತಗೊಳ್ಳೂಣು" ಎಂದೆ. ಜಿಪುಣತನಕ್ಕೆ ಇದಕ್ಕಿಂತ ಗಟ್ಟಿ ಆಸರೆ ನಮ್ಮ ಭಾಗದಲ್ಲಿ ಇಲ್ಲ. 1997ರಲ್ಲಿ ಜೆ.ಎಚ್. ಪಟೇಲರ ಸರ್ಕಾರ ಬಾಗಲಕೋಟೆ, ಗದಗ, ಹಾವೇರಿಗಳನ್ನು ಜಿಲ್ಲೆ ಮಾಡಿದಾಗ ಚಿಕ್ಕೋಡಿಯ ಹೆಸರೂ ಬಂದು ಹಾಗೇ ಹಿಂದಕ್ಕೆ ಹೋಯಿತು. ಶಿಕ್ಷಣ ಇಲಾಖೆ ಮಾತ್ರ ನಮ್ಮನ್ನು ಎಂದೋ ಶೈಕ್ಷಣಿಕ ಜಿಲ್ಲೆ ಮಾಡಿಕೊಂಡಿದೆ. ಎಸ್ಸೆಸ್ಸೆಲ್ಸಿ ಫಲಿತಾಂಶದ ದಿನ ನಾವು ಜಿಲ್ಲೆ, ಮರುದಿನ ಮತ್ತೆ ತಾಲೂಕು.

"ಮಾಮಾ, ಅಲ್ಲೀತನಕ ನನಗ ವಯಸ್ಸು ಮೀರತೈತ್ರಿ" ಎಂದ. ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಕೊಟ್ಟೆ.

ಹೊಸದನ್ನು ತಂದವನೇ ಮೊದಲು ತೆಗೆದದ್ದು ನಿಪ್ಪಾಣಿಯ ಪುಟ. ತಾಲೂಕುಗಳ ಪಟ್ಟಿಯಲ್ಲಿ ಹದಿನೈದು ಹೆಸರು ಸಾಲಾಗಿ ಇವೆ. ಹಿಂದಿನ ಪ್ರಶ್ನಕೋಶದಲ್ಲಿ ಅದೇ ಪ್ರಶ್ನೆಗೆ ಸರಿಯುತ್ತರ ಹತ್ತು. ಪರಿಷ್ಕರಿಸುವ ಕೈ ಹಿಂದಿನ ಪುಟದವರೆಗೆ ಹೋಗುವಷ್ಟರಲ್ಲಿ ದಣಿದಿರಬೇಕು. ಪ್ರಶ್ನೆಪತ್ರಿಕೆ ತೆಗೆಯುವ ಮಹನೀಯರ ಕಪಾಟಿನಲ್ಲಿ ಯಾವ ಆವೃತ್ತಿ ಇದೆಯೋ ಎಂಬ ಚಿಂತೆ ನನಗೆ ಹತ್ತಿತು. ಅಳಿಯನಿಗೆ ಹತ್ತಲಿಲ್ಲ.

"ಹಳೇದನ್ನ ರದ್ದಿಗಿ ಹಾಕಬ್ಯಾಡ್ರಿ ಮಾಮಾ. ಕೀ ಉತ್ತರ ಬಿಟ್ಟ ಮ್ಯಾಲ ಆಕ್ಷೇಪಣಾ ಹಾಕಾಕ ದಾಖಲೆ ಕೇಳ್ತಾರ. ನಾ ಯಾವದಕ್ಕ ಗುರುತ ಮಾಡಿರ್ತೀನೋ, ಆ ಪುಸ್ತಕದ ಪುಟಾ ಜೋಡಸ್ತೀನಿ."