ತಿರುಪಿನ ತಕರಾರು

ಕೈಲ್‌ಪೊಳ್ದ್ ಹಬ್ಬ ಬಂದರೆ ಕೊಡಗಿನ ಮನೆಗಳಲ್ಲಿ ಕೋವಿಯನ್ನು ಒರೆಸಿ, ನಳಿಗೆಗೆ ತೋಕ್‌ಪೂ ಎಂಬ ಹೂ ಸಿಕ್ಕಿಸಿ ಪೂಜಿಸುತ್ತಾರೆ. ಇಷ್ಟು ಮರ್ಯಾದೆಯ ಕೋವಿಯ ತಿರುಪು ಸಡಿಲವಾದರೆ ಕೆಲವರ ಕೈಗೆ ಬರುವುದು ಮಾತ್ರ, ಸ್ವಿಚ್‌ಬೋರ್ಡ್ ಬಿಚ್ಚಿ, ಪೇಂಟ್ ಡಬ್ಬಿ ಮೀಟಿದ ಅದೇ ಹಳೇ ಸ್ಕ್ರೂಡ್ರೈವರ್!

ಅದರ ತುದಿ ಬೆಣೆಯ ಆಕಾರ. ಕೋವಿ ತಿರುಪಿನ ಸೀಳಿನ ಗೋಡೆಗಳೋ ನೆಟ್ಟಗೆ. ಬಲ ಹಾಕಿದರೆ ತುದಿ ಜಾರುತ್ತದೆ. ತಿರುಪಿನ ತಲೆ ಕಿತ್ತು, ಪಕ್ಕದ ಉಕ್ಕಿಗೂ ಗೀರು. ಸೀಳಿನ ತಳದವರೆಗೂ ಭರ್ತಿ ಕೂರುವ ಹಾಲೋ ಗ್ರೌಂಡ್ ಬಿಟ್ ಇರುವುದೇ ಇದಕ್ಕೆ.

ಬಿಗಿಗೂ ಒಂದು ಮಿತಿಯುಂಟು. ರೈಫಲ್ಲಿಗೆ ಸ್ಕೋಪ್ ಹಿಡಿದಿಡುವ ರಿಂಗ್‌ನ ತಿರುಪಿಗೆ ಸಾಮಾನ್ಯವಾಗಿ 15ರಿಂದ 25 ಇಂಚ್-ಪೌಂಡ್ ಬಿಗಿ ಸಾಕು. ಭಂಡಧೈರ್ಯದವರ ಅಳತೆ ಬೇರೆ: ‘ಇನ್ನೊಂದು ಸುತ್ತು ಬರ್ತದೆ, ನೋಡು!’ ಟಾರ್ಕ್ ಡ್ರೈವರ್ ಹಾಗಲ್ಲ, ಹೇಳಿದಷ್ಟಾದೊಡನೆ ‘ಟಕ್’ ಎಂದು ಸಾಕೆನ್ನುತ್ತದೆ. ಮದುವೆ ಮನೆಯ ಭಾಷಣಕಾರರಿಗೂ ಅಂಥದ್ದೊಂದನ್ನು ಜೋಡಿಸಬೇಕು!