ಪೋರ್ಟ್ ಮೀಮಾಂಸೆ: ಬಿದ್ದ ಸರ್ವರ್ ತಾನಾಗಿ ಏಳುವ ಶಾಸ್ತ್ರ

ಪೋರ್ಟುಗಳು 0ಯಿಂದ 65535ರವರೆಗೆ ಧಾರಾಳವಾಗಿ ಬಿದ್ದಿದ್ದರೂ ಮೈನ್‌ಕ್ರಾಫ್ಟ್ ಲೋಕದ ವ್ಯಾಜ್ಯವೆಲ್ಲ 25565 ಎಂಬ ಒಂದರ ಮೇಲೇ ಏಕೆ? ಪಂಡಿತರು ಈ ವಿಷಯದಲ್ಲಿ ಮೌನ ತಾಳಿರುವುದರಿಂದ ನಾವೇ ಬಾಯಿ ಬಿಡಬೇಕಾಗಿದೆ.

ಮೊದಲಿಗೆ ಅಧಿಕಾರಿ ಲಕ್ಷಣ. ರಾತ್ರಿ ಒಂದೂವರೆಗೆ "ಅಣ್ಣಾ, ಸರ್ವರ್ ಡೌನ್" ಎಂದು ಮೆಸೇಜ್ ಬಂದರೂ ಹಾಸಿಗೆ ಬಿಡಲೊಲ್ಲದವನೇ ಈ ಶಾಸ್ತ್ರಕ್ಕೆ ಅಧಿಕಾರಿ. ಆತ ಸ್ಟಾರ್ಟ್.ಎಸ್‌ಎಚ್ ಎಂಬ ಸ್ಕ್ರಿಪ್ಟಿನಲ್ಲಿ, ಜಾವಾ ಸತ್ತೊಡನೆ ಮತ್ತೆ ಎಬ್ಬಿಸುವ ಕೊನೆಯಿಲ್ಲದ ಲೂಪ್ ಹಾಕಿ ನಿಶ್ಚಿಂತನಾಗಿ ಮಲಗುತ್ತಾನೆ. ಬೆಳಿಗ್ಗೆ ಲಾಗ್ ತೆರೆದರೆ "ಫೇಲ್ಡ್ ಟು ಬೈಂಡ್ ಟು ಪೋರ್ಟ್" ಪುಟಗಟ್ಟಲೆ ಬಿದ್ದಿರುತ್ತದೆ. ಆ ಪೋರ್ಟಿನಲ್ಲಿ ಬೇರೊಂದು ಸರ್ವರ್ ಆಗಲೇ ಓಡುತ್ತಿರಬಹುದೇ ಎಂದು ಸರ್ವರ್ ಅದರ ಬೆನ್ನಿಗೇ ಶಂಕಿಸಿಯೂ ಇರುತ್ತದೆ. ಅನುಮಾನ ಪ್ರಮಾಣವನ್ನು ಇಷ್ಟು ವಿನಯದಿಂದ ಬಳಸಿದ ತಾರ್ಕಿಕರನ್ನು ನಾವು ಕಂಡಿಲ್ಲ. ಆದರೆ ಆ ಸಾಲನ್ನು ಓದುವವರೂ ಇಲ್ಲ.

ಇನ್ನು ಪೂರ್ವಪಕ್ಷ. ಇದು ಸೂತಕದ ವಾದ. ಟಿಸಿಪಿ ಸಂಪರ್ಕವನ್ನು ಮೊದಲು ಮುಗಿಸಿದವನು ಟೈಮ್-ವೇಟ್ ಸ್ಥಿತಿಯಲ್ಲಿ ಸ್ವಲ್ಪ ಹೊತ್ತು ಕೂರಬೇಕು, ದಾರಿ ತಪ್ಪಿದ ಹಳೆಯ ಪ್ಯಾಕೆಟ್ಟುಗಳು ಹೊಸ ಸಂಪರ್ಕಕ್ಕೆ ನುಗ್ಗದಿರಲೆಂದು. 1981ರ ಆರ್‌ಎಫ್‌ಸಿ 793ರ ಪ್ರಕಾರ ಈ ಸೂತಕ 4 ನಿಮಿಷ. ಆಚಾರ ಸಡಿಲಿಸಿದ ಲಿನಕ್ಸಿನಲ್ಲಿ 60 ಸೆಕೆಂಡು. ಆದ್ದರಿಂದ ಲೂಪಿನಲ್ಲಿ ಸ್ಲೀಪ್ 60 ಹಾಕಿದರೆ ಸಾಕೆನ್ನುತ್ತಾರೆ ನಿದ್ರಾವಾದಿಗಳು. ಖಂಡನೆ ಸುಲಭ. ಲಿನಕ್ಸ್ ಮೇಲೆ ಜಾವಾ ಸರ್ವರ್ ಸಾಕೆಟ್ ತೆರೆಯುವಾಗಲೇ ಎಸ್‌ಒ-ರೀಯೂಸ್‌ಅಡ್ರ್ ಎಂಬ ವಿನಾಯಿತಿಯನ್ನು ಪಡೆದಿರುತ್ತದೆ. ಅಲ್ಲಿ ಸತ್ತವನು ಅಡ್ಡ ಬರುವುದಿಲ್ಲ. ಅಡ್ಡ ಬಂದಿದ್ದಾನೆಂದರೆ ಇನ್ನೂ ಬದುಕಿದ್ದಾನೆ.

ಪೋರ್ಟಾಂತರವಾದಿಗಳು 25566ಕ್ಕೆ ವಲಸೆ ಹೋಗಿ ನೆಮ್ಮದಿಯಾಗಿದ್ದಾರೆ, ಆಟಗಾರರು ಯಾರೂ ಹಿಂದೆ ಹೋಗಿಲ್ಲವಾಗಿ. ಹನನವಾದಿಗಳು ಕಿಲ್ -9 ಹೊಡೆಯುತ್ತಾರೆ. ಪೋರ್ಟಿನ ಜೊತೆಗೆ ಇನ್ನೂ ಸೇವ್ ಆಗದ ಕೋಟೆಯ ಗೋಡೆಯೂ ತೆರವಾಗುತ್ತದೆ.

ಈಗ ಸಿದ್ಧಾಂತ. ಸ್ಪಿಗಾಟ್ ಸರ್ವರಿನ ಸ್ಪಿಗಾಟ್.ವೈಎಂಎಲ್ ಕಡತದಲ್ಲಿ ರೀಸ್ಟಾರ್ಟ್-ಸ್ಕ್ರಿಪ್ಟ್ ಎಂಬ ಸಾಲಿದೆ. ನಾವು ಮುಟ್ಟದಿದ್ದರೆ ಅದು ಸ್ಟಾರ್ಟ್.ಎಸ್‌ಎಚ್‌ನತ್ತಲೇ ಬೊಟ್ಟು ಮಾಡುತ್ತದೆ. ಯಾರೋ ರೀಸ್ಟಾರ್ಟ್ ಕಮಾಂಡ್ ಕೊಟ್ಟರೆನ್ನಿ. ಸ್ಪಿಗಾಟ್ ಸಾಯುತ್ತ ಸಾಯುತ್ತ ಆ ಸ್ಕ್ರಿಪ್ಟನ್ನು ಹೊಸದಾಗಿ ಓಡಿಸುತ್ತದೆ. ಇತ್ತ ಹಳೆಯ ಸ್ಕ್ರಿಪ್ಟಿನ ಲೂಪ್, ಅಯ್ಯೋ ಜಾವಾ ಹೋಯಿತಲ್ಲ ಎಂದು ತಾನೂ ಒಂದನ್ನು ಎಬ್ಬಿಸುತ್ತದೆ. ಮೊದಲು ಬಂದದ್ದು 25565 ಹಿಡಿಯುತ್ತದೆ. ಇನ್ನೊಂದು ಬೈಂಡ್ ಆಗದೆ ಬೀಳುತ್ತದೆ, ಅದರ ಲೂಪ್ ಎಬ್ಬಿಸುತ್ತದೆ, ಮತ್ತೆ ಬೀಳುತ್ತದೆ. ಮುಂದಿನ ರೀಸ್ಟಾರ್ಟಿಗೆ ಲೂಪುಗಳು ಮೂರು. ರಕ್ತಬೀಜಾಸುರನ ವಂಶವೂ ಹೀಗೇ ಬೆಳೆದದ್ದು; ಅವನ ಕುಲ ರ‍್ಯಾಮ್ ತಿನ್ನುತ್ತಿರಲಿಲ್ಲ, ಅಷ್ಟೇ.

ಹಾಗಾಗಿ ಎಬ್ಬಿಸುವ ಅಧಿಕಾರ ಒಬ್ಬನಿಗೇ ಇರತಕ್ಕದ್ದು. ಲಿನಕ್ಸಿನಲ್ಲಿ ಆ ಒಬ್ಬ ಸಿಸ್ಟಮ್‌ಡಿ. ಯೂನಿಟ್ ಕಡತದಿಂದ ಜಾವಾವನ್ನು ನೇರವಾಗಿ ಕರೆದು ರೀಸ್ಟಾರ್ಟ್=ಆಲ್ವೇಸ್ ಎಂದು ಬರೆಯಿರಿ. ಮತ್ತೆ ಎಬ್ಬಿಸುವ ಮುಂಚೆ ಅದು ಕಾಯುವುದು ಬರೀ 100 ಮಿಲಿಸೆಕೆಂಡು. ರೀಸ್ಟಾರ್ಟ್‌ಸೆಕ್ 15 ಮಾಡಿ. ನಿಲ್ಲಲು ಅದು ಕೊಡುವ ಗಡುವು 90 ಸೆಕೆಂಡು. ಅಷ್ಟರಲ್ಲಿ ಸೇವ್ ಮುಗಿಯದಿದ್ದರೆ ಸಿಸ್ಟಮ್‌ಡಿಯೂ ಹನನವಾದಿಯೇ, ಆದ್ದರಿಂದ ದೊಡ್ಡ ವರ್ಲ್ಡ್ ಇಟ್ಟುಕೊಂಡವರು ಟೈಮ್‌ಔಟ್‌ಸ್ಟಾಪ್‌ಸೆಕ್ ಹೆಚ್ಚಿಸಬೇಕು. ರೀಸ್ಟಾರ್ಟ್-ಸ್ಕ್ರಿಪ್ಟ್ ಸಾಲಿನಲ್ಲಿ ಇಲ್ಲದ ಕಡತದ ಹೆಸರು ಬರೆಯಿರಿ. ಸ್ಕ್ರಿಪ್ಟ್ ಸಿಗಲಿಲ್ಲವೆಂದು ಸ್ಪಿಗಾಟ್ ತೆಪ್ಪಗೆ ನಿಲ್ಲುತ್ತದೆ, ಮಿಕ್ಕದ್ದನ್ನು ಸಿಸ್ಟಮ್‌ಡಿ ನೋಡಿಕೊಳ್ಳುತ್ತದೆ. ಈ ಒಂದು ಕಡೆ ಮಾತ್ರ ನಾವು ಶೂನ್ಯವಾದಿಗಳು.

ಇಷ್ಟಾದರೂ ಶಂಕೆ ಉಳಿದವರಿಗೆ ಎಸ್‌ಎಸ್ ಎಂಬ ಕಮಾಂಡ್ ಇದೆ. 25565 ಹಿಡಿದು ಕೂತ ಪ್ರೊಸೆಸ್ಸಿನ ಪಿಐಡಿಯನ್ನು ಅದು ಪ್ರತ್ಯಕ್ಷ ತೋರಿಸುತ್ತದೆ. ಹಳೆಯ ಸ್ಟಾರ್ಟ್.ಎಸ್‌ಎಚ್ ಅಳಿಸಲು ಮನಸ್ಸು ಬಾರದವರು ಅದರೊಳಗಿನ ಲೂಪನ್ನಾದರೂ ಇವತ್ತೇ ತೆಗೆಯಿರಿ. ಕ್ರಾನ್‌ಟ್ಯಾಬಿನಲ್ಲಿ ಅದನ್ನು ಕರೆಯುವ ಸಾಲು ಮರೆತು ಉಳಿದಿದ್ದರೆ ಅದನ್ನೂ.