ಕರ್ಜಿಕಾಯಿ ಕೆಳಗಿನ ಸುವಾರ್ತೆ

ಬಳ್ಳಾರಿಯ ಕ್ರೈಸ್ತನಿಗೆ ಪುಕ್ಕಲನಾಗಿರೋಕೆ ಒಂದು ಒಳ್ಳೆಯ ನೆಪವೂ ಸಿಗುವುದಿಲ್ಲ. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ 1810ರಲ್ಲಿ ಈ ಊರಿಗೆ ಬಂದಾಗ ಕೈಗೆ ಸಿಗುವಂಥ ಅಚ್ಚಾದ ಇಂಗ್ಲಿಷ್-ಕನ್ನಡ ನಿಘಂಟು ಇರಲಿಲ್ಲ. ಅದನ್ನು ಇದೇ ಬಳ್ಳಾರಿ ಮಿಷನ್ನಿನ ವಿಲಿಯಂ ರೀವ್ ಮಾಡಿ ಮುಗಿಸುವ ಹೊತ್ತಿಗೆ 1824 ಆಗಿತ್ತು. ಹ್ಯಾಂಡ್ಸ್ ಅಷ್ಟರವರೆಗೆ ಕೈಕಟ್ಟಿ ಕೂರಲಿಲ್ಲ. ಭಾಷೆ ಕಲಿತು, ತರ್ಜುಮೆಗೆ ಕೂತು, 1831ರ ಹೊತ್ತಿಗೆ ಇಡೀ ಬೈಬಲ್ಲನ್ನು ಕನ್ನಡದಲ್ಲಿ ಅಚ್ಚು ಹಾಕಿಸಿದ. ಬಳ್ಳಾರಿ ಬೇಸಿಗೆಯಲ್ಲಿ, ಫ್ಯಾನಿಲ್ಲದೆ!

ನನಗೆ ಕನ್ನಡ ಹುಟ್ಟಿನಿಂದ ಬರುತ್ತದೆ. ಮನೆಯಲ್ಲಿ ಫ್ಯಾನಿದೆ, ಕೂಲರಿದೆ, ಮೊಬೈಲಿನೊಳಗೆ ಬೈಬಲ್ಲೂ ಇದೆ. ಆದರೂ ಭಾನುವಾರ ಬೆಳಿಗ್ಗೆ ಇಸ್ತ್ರಿ ಅಂಗಿ ಹಾಕಿಕೊಂಡು ಹೊರಟವನನ್ನು ಎದುರು ಮನೆಯ ನಿವೃತ್ತ ಮೇಷ್ಟ್ರು "ಎಲ್ಲಿಗೆ ಸವಾರಿ?" ಎಂದರೆ, "ಇಲ್ಲೇ, ರಾಯಲ್ ಸರ್ಕಲ್ ಕಡೆ ಸ್ವಲ್ಪ ಕೆಲಸ" ಎಂದುಬಿಡುತ್ತೇನೆ. ಹಿಂದೆಯೇ ಬೈಬಲ್ ಎದೆಗವಚಿಕೊಂಡು ಬರುವ ನನ್ನ ಹೆಂಡತಿ "ಚರ್ಚಿಗ್ರೀ" ಎಂದು ಬೀದಿ ಪೂರ್ತಿ ಕೇಳುವಂತೆ ಹೇಳುತ್ತಾಳೆ. ಮೇಷ್ಟ್ರು ನನ್ನ ಮುಖ ನೋಡುತ್ತಾರೆ. ನಾನು ಚಪ್ಪಲಿ ನೋಡಿಕೊಳ್ಳುತ್ತೇನೆ.

ಹೆಂಡತಿ ಹೀಗೆ ಬಾಯಿಬಿಟ್ಟು ಹೇಳುವುದಕ್ಕೆ ನಮ್ಮ ಸಭೆಯಲ್ಲಿ 'ಸಾಕ್ಷಿ ಹೇಳೋದು' ಅನ್ನುತ್ತಾರೆ. ನಾನು ಕೋರ್ಟಿನಲ್ಲಾದರೂ ಹೇಳಿಯೇನು, ಕಟ್ಟೆಯ ಮೇಲೆ ಹೇಳಲಾರೆ. ಅಯ್ಯನವರು ಪ್ರಸಂಗದಲ್ಲಿ "ಈ ವಾರ ಒಬ್ಬರಿಗಾದರೂ ಸುವಾರ್ತೆ ತಿಳಿಸಿ" ಎಂದಾಗ ಎಲ್ಲರಿಗಿಂತ ಗಟ್ಟಿಯಾಗಿ ಆಮೆನ್ ಅನ್ನುವವನೂ ನಾನೇ. ಮನೆಗೆ ಬಂದು ಬಚ್ಚಲು ಮನೆಯ ಕನ್ನಡಿ ಮುಂದೆ ತಾಲೀಮು ಶುರು. "ಮೇಷ್ಟ್ರೇ, ನಿಮ್ಮಲ್ಲಿ ಒಂದು ವಿಷಯ ಮಾತಾಡಬೇಕಿತ್ತು..." ಒಮ್ಮೆ ಮಗ ಹೊರಗಿನಿಂದ ಕೂಗಿದ: "ಅಮ್ಮಾ, ಅಪ್ಪ ಮತ್ತೆ ಸಾಲ ಕೇಳೋಕೆ ಪ್ರಾಕ್ಟೀಸ್ ಮಾಡ್ತಿದಾನೆ!"

ಬಾಯಿಂದ ಆಗದ್ದು ಕಾಗದದಿಂದ ಆದೀತು ಅಂದುಕೊಂಡೆ. ಕ್ರಿಸ್‌ಮಸ್‌ಗೆ ನಮ್ಮ ಬೀದಿಯ ಮನೆಮನೆಗೆ ತಟ್ಟೆ ಹೋಗುತ್ತದೆ: ಕರ್ಜಿಕಾಯಿ, ಚಕ್ಕಲಿ, ಒಂದು ತುಂಡು ಕೇಕು. ಹೆಂಡತಿ ಅತ್ತ ತಿರುಗಿದಾಗ ಮೇಷ್ಟ್ರ ತಟ್ಟೆಯಲ್ಲಿ ಕರ್ಜಿಕಾಯಿಗಳ ಅಡಿಗೆ ಒಂದು ಕರಪತ್ರ ಹಾಸಿದೆ. ಅದೇನು ಧೈರ್ಯ, ಅದೇನು ಎದೆಬಡಿತ! ಗಡಿ ದಾಟಿ ಗುಪ್ತಪತ್ರ ಸಾಗಿಸಿದವನ ಗತ್ತಿನಲ್ಲಿ ಸೋಫಾ ಮೇಲೆ ಕೂತೆ. ಸಂಜೆ ಮೇಷ್ಟ್ರ ಮನೆಯಾಕೆ ತೊಳೆದ ತಟ್ಟೆಯಲ್ಲಿ ಸಕ್ಕರೆ ಹಾಕಿಕೊಂಡು ಬಂದರು. "ನಿಮ್ಮ ಯಜಮಾನ್ರು ಭಾಳ ಶಾಣ್ಯಾರು ಬಿಡ್ರಿ. ಎಣ್ಣಿ ಹೀರ್ಕೊಳ್ಳಾಕ ಅಡಿಗೆ ಕಾಗದ ಹಾಕ್ಯಾರ. ನಾವೂ ಬಜ್ಜಿಗೆ ಹಂಗೇ ಮಾಡ್ತೀವಿ." ಹೆಂಡತಿ ನನ್ನ ಕಡೆ ತಿರುಗಿ ನೋಡಿದ ನೋಟದಲ್ಲಿ ದಶಾಜ್ಞೆಗಳು ಹತ್ತೂ ಇದ್ದವು.

"ಕೊಡೋದಿದ್ರೆ ಕೈಯಾಗ ಕೊಡ್ರಿ, ಇಲ್ಲಾ ಸುಮ್ಮನಿರ್ರಿ. ಕದ್ದು ಕೊಟ್ರೆ ಅವರು ಏನಂದ್ಕೊಂಡಾರು?" ಎಂದಳು. ನಾನು ಕಾನೂನಿಗೆ ಶರಣು ಹೋದೆ. ಸಂವಿಧಾನದ 25ನೇ ವಿಧಿ ಧರ್ಮವನ್ನು ಪ್ರಚಾರ ಮಾಡುವ ಹಕ್ಕನ್ನೂ ಕೊಟ್ಟಿದೆ, ಆದರೆ ಪ್ರಚಾರದ ಹಕ್ಕೆಂದರೆ ಇನ್ನೊಬ್ಬನನ್ನು ಮತಾಂತರ ಮಾಡುವ ಹಕ್ಕಲ್ಲ ಎಂದು ಸುಪ್ರೀಂ ಕೋರ್ಟ್ 1977ರಲ್ಲೇ ಹೇಳಿದೆ ಎಂದೆ. 2022ರ ಕರ್ನಾಟಕದ ಕಾಯ್ದೆ ಮತಾಂತರಕ್ಕೆ ಆಮಿಷ ಒಡ್ಡುವುದನ್ನು ಅಪರಾಧ ಮಾಡಿತು, 2023ರ ಜೂನ್‌ನಲ್ಲಿ ಸಚಿವ ಸಂಪುಟ ಅದನ್ನು ಹಿಂಪಡೆಯಲು ತೀರ್ಮಾನಿಸಿತು ಎಂದೂ ಸೇರಿಸಿದೆ. "ಹಂಗಾರೆ ಕರ್ಜಿಕಾಯಿ ಆಮಿಷ ಆಕ್ಕತೇನು?" ಎಂದು ಕೇಳಿದಳು. ನನ್ನ ಹತ್ತಿರ ಉತ್ತರ ಇರಲಿಲ್ಲ. "ಮತ ಬದಲಿಸೋರು 30 ದಿನ ಮುಂಚೆ ಡೀಸಿಗೆ ತಿಳಿಸಬೇಕಂತ ಆ ಕಾಯ್ದೆಯಲ್ಲಿತ್ತು" ಎಂದು ಮಾತು ತೇಲಿಸಿದೆ. "ನೀವು ಮಾತಾಡೋ ಸ್ಪೀಡಿಗೆ 30 ವರ್ಷ ಮುಂಚೆ ತಿಳಿಸಿದ್ರೂ ನಡೀತೈತಿ" ಎಂದು ಒಳಗೆ ಹೋದಳು.

ನಗುತ್ತಿದ್ದೇನೆ, ನಿಜ. ಆದರೆ 2008ರ ಸೆಪ್ಟೆಂಬರಿನಲ್ಲಿ ಮಂಗಳೂರಿನ ಪ್ರಾರ್ಥನಾ ಮಂದಿರಗಳ ಮೇಲೆ ದಾಳಿಯಾದಾಗ ಅಲ್ಲಿದ್ದವರಿಗೆ ಇದು ನಗೆಯ ವಿಷಯವಾಗಿರಲಿಲ್ಲ. ನನ್ನನ್ನು ಯಾರೂ ಹೊಡೆದಿಲ್ಲ, ಬೈದಿಲ್ಲ. ನನ್ನ ವಿರೋಧಿಗಳೆಲ್ಲ ನನ್ನ ತಲೆಯೊಳಗೇ ಬಾಡಿಗೆ ಇಲ್ಲದೆ ವಾಸವಾಗಿದ್ದಾರೆ.

ಸಿರುಗುಪ್ಪದ ನಮ್ಮತ್ತೆಯನ್ನು ನೋಡಿದರಂತೂ ಇನ್ನೂ ನಾಚಿಕೆ. ತುಂಗಭದ್ರೆಯ ಕಾಲುವೆ ನೀರಿನ ಭತ್ತದ ಸೀಮೆ, ನಾಟಿಯ ಕಾಲಕ್ಕೆ ಮನೆ ಮುಂದೆ ಹೆಣ್ಣಾಳುಗಳ ಸಂತೆ. ಅತ್ತೆಗೆ ಓದು ಬಾರದು. ಯಾರದೋ ಮಗುವಿಗೆ ಜ್ವರ ಅಂದರೆ ಸಾಕು, ತಲೆ ಮೇಲೆ ಕೈಯಿಟ್ಟು "ಸ್ವಾಮೀ, ಇದನ್ನ ನೋಡ್ಕೋ" ಎಂದು ಪ್ರಾರ್ಥನೆ ಮಾಡಿ, ಆಮೇಲೆ "ಈಗ ಆಸ್ಪತ್ರಿಗೆ ನಡಿ" ಎಂದು ಆಟೋ ಹತ್ತಿಸುತ್ತಾಳೆ. ಯಾರ ದೇವರು, ಯಾವ ದೇವರು ಎಂದು ಕೇಳಿದವರಿಗೆ ಒಂದೇ ಮಾತಿನಲ್ಲಿ ಹೇಳಿ ಮುಗಿಸುತ್ತಾಳೆ. ತಾಲೀಮಿಲ್ಲ, ಕನ್ನಡಿಯಿಲ್ಲ.

ನನ್ನ ಕಡೆಯ ನಂಟು ಕುರುಗೋಡಿನದು. ನಮ್ಮಪ್ಪ ಕ್ರೈಸ್ತನಾದ. ದೊಡ್ಡಪ್ಪ ಆಗಲಿಲ್ಲ, ಆಗದ್ದಕ್ಕೆ ಕಾರಣವನ್ನು ನನಗೆ ಸಿಕ್ಕಾಗಲೆಲ್ಲ ವಿವರಿಸುತ್ತಾನೆ. ದೊಡ್ಡಬಸವೇಶ್ವರ ಗುಡಿಯ ಆ ಭಾರಿ ಕಲ್ಲಿನ ಬಸವಣ್ಣನ ಎದುರು ಬೆಳೆದವನು. ದನಿಯೂ ಅದಕ್ಕೆ ತಕ್ಕಂತೆ. ನನ್ನನ್ನು ಕರೆಯುವುದು "ಏ ಪಾದ್ರಿ" ಎಂದು. ಜಾತ್ರೆಗೆ ಕರೆ ಬಂದರೆ ಹೋಗುತ್ತೇವೆ, ಊಟ ಮಾಡುತ್ತೇವೆ, ತೇರು ಎಳೆಯುವ ಹೊತ್ತಿಗೆ ನಾನು ಹಿತ್ತಲಿನಲ್ಲಿ ಎಮ್ಮೆಯ ಯೋಗಕ್ಷೇಮ ವಿಚಾರಿಸುತ್ತಾ ನಿಂತಿರುತ್ತೇನೆ.

ಈ ಸಲ ಊಟವಾದ ಮೇಲೆ ಮಿರ್ಚಿ-ಮಂಡಕ್ಕಿಯ ತಟ್ಟೆ ಬಂತು. ಪಡಸಾಲೆ ತುಂಬ ನೆಂಟರು. ದೊಡ್ಡಪ್ಪ ಟಿವಿ ಬಂದ್ ಮಾಡಿಸಿದ. "ಏ ಪಾದ್ರಿ, ನಿಮ್ಮಪ್ಪ ಸಾಯೋ ಮಟ ಹೇಳ್ದ, ನಾ ಕೇಳಲಿಲ್ಲ. ನೀ ಒಂದು ದಿನಾನೂ ಹೇಳಿಲ್ಲ. ಅಂಥಾದ್ದು ಏನೈತಿ ನಿನ್ನ ಯೇಸುವಿನ ಹತ್ರ? ಹೇಳು, ಇವತ್ತು ಕೇಳ್ತೀನಿ."

ಎಷ್ಟು ವರ್ಷದ ಪ್ರಾರ್ಥನೆಗೆ ಉತ್ತರ! ನನ್ನ ಬಾಯಿತುಂಬ ಮಿರ್ಚಿ. ನುಂಗಿದರೆ ಗಂಟಲು ಸುಡುತ್ತದೆ, ಉಗುಳಿದರೆ ಮರ್ಯಾದೆ ಹೋಗುತ್ತದೆ. ಕಣ್ಣಲ್ಲಿ ನೀರು ಧಾರಾಕಾರ. ಅತ್ತಿಗೆ "ಪಾಪ, ಎಷ್ಟು ಭಕ್ತಿ ನೋಡ್ರಿ" ಎಂದಳು. ಹೆಂಡತಿ ನೀರಿನ ಲೋಟ ಕೈಗಿಟ್ಟಳು, ಆದರೆ ನನ್ನ ಬದಲು ಮಾತಾಡಲಿಲ್ಲ. ಅದೊಂದು ಉಪಕಾರವನ್ನು ನಾನು ಮರೆಯುವುದಿಲ್ಲ.

ಹೇಳಿದೆ. ಕನ್ನಡಿ ಮುಂದಿನದು ಒಂದೂ ನೆನಪಿಗೆ ಬರಲಿಲ್ಲ. ಆಸ್ತಿ ಪಾಲು ತಗೊಂಡು ಮನೆ ಬಿಟ್ಟು ಹೋದ ಕಿರಿಮಗನ ಕಥೆ ಹೇಳಿದೆ. ಅವನು ಎಲ್ಲ ಕಳಕೊಂಡು ವಾಪಸ್ ಬಂದಾಗ ಅಪ್ಪ ದೂರದಿಂದಲೇ ಕಂಡು ಓಡಿಬಂದದ್ದು, ಹಿರಿಮಗ ಸಿಟ್ಟಾಗಿ ಹೊರಗೇ ನಿಂತದ್ದು. ಆ ಅಪ್ಪನೇ ನಮ್ಮ ದೇವರು, ಆ ಕಿರಿಮಗ ನಾನೇ ಎಂದೆ. ದನಿ ನಡುಗಿತು, ಅರ್ಧ ಮೆಣಸಿನಕಾಯಿಯಿಂದ. ಪಡಸಾಲೆಯಲ್ಲಿ ಯಾರೂ ನಗಲಿಲ್ಲ.

ದೊಡ್ಡಪ್ಪ ಬಹಳ ಹೊತ್ತು ಮೀಸೆ ತಿರುವಿದ. "ಹಿರಿಮಗಂದು ಏನ್ ತಪ್ಪಲೇ? ದುಡಿದೋನು ಅವ. ಅವ ಕಡಿಗೆ ಒಳಗ ಬಂದ್ನೋ ಇಲ್ಲೋ?"

"ಅದು ಬರೆದಿಲ್ಲ ದೊಡ್ಡಪ್ಪ. ಕಥೆ ಅಲ್ಲಿಗೇ ನಿಲ್ಲುತ್ತೆ."

"ಸುಳ್ಳು! ನೀ ಪೂರ್ತಿ ಓದಿಲ್ಲ. ಮುಂದಿನ ಸಲ ಪುಸ್ತಕಾನ ತಗೊಂಬಾ, ದೊಡ್ಡ ಅಕ್ಷರದ್ದು. ನಾನೇ ನೋಡ್ತೀನಿ. ಒಪ್ಪಿಕೊಂಡೆ ಅಂತ ಅಲ್ಲ ಮತ್ತ!"

ಬಳ್ಳಾರಿ ಬಸ್ಸಿನಲ್ಲಿ ಕಿಟಕಿ ಪಕ್ಕ ಎದೆಯುಬ್ಬಿಸಿ ಕೂತೆ. ದೊಡ್ಡ ಅಕ್ಷರದ ಬೈಬಲ್ ನಮ್ಮ ಮನೆಯಲ್ಲಿ ಇರುವುದು ಒಂದೇ, ಹೆಂಡತಿಯದು. ಕೇಳಿದೆ. ಅದರ ಹಾಳೆಗಳ ನಡುವೆ ಸೊಸೈಟಿಯ ಚೀಟಿ, ರೇಷನ್ ಕಾರ್ಡು, ತವರಿನ ಫೋಟೋ ಎಲ್ಲ ಇವೆ, ಕೊಡುವುದಿಲ್ಲ ಎಂದಳು. ಹೊಸದನ್ನು ಕೊಳ್ಳಬೇಕು, ಅಂಗಡಿಯಲ್ಲಿ ನಾನೇ ಬಾಯಿಬಿಟ್ಟು ಕೇಳಬೇಕು, ಪ್ಯಾಕ್ ಮಾಡಿಸಬಾರದು, ನಮ್ಮ ಬೀದಿಯಲ್ಲಿ ಮೇಷ್ಟ್ರ ಮನೆ ಮುಂದೆಯೇ ಕೈಯಲ್ಲಿ ಹಿಡಿದುಕೊಂಡು ಬರಬೇಕು ಎಂದು ಷರತ್ತುಗಳನ್ನು ಹಾಕುತ್ತಾ ಹೋದಳು. ನಾನು ಕಂಡಕ್ಟರನನ್ನು ಕರೆದು ಚಿಲ್ಲರೆ ಕೇಳಿದೆ.